ಮೂರನೇ ಭಾಗದ ಬಸೂನ್

ವಿಯೆನ್ನಾದಲ್ಲಿ ಆಯುಷ್ಯವೆಲ್ಲ ಟ್ರಾಮ್ ಓಡಿಸಿದ ಆಲೋಯಿಸನಿಗೆ ಸಿಂಫನಿ ಎಂದರೆ ಸಂಗೀತ ಕಛೇರಿ ಮುಗಿದ ಮೇಲೆ ಗಾಡಿ ಹತ್ತುತ್ತಿದ್ದ ಅತ್ತರಿನ ಜನ, ಅಷ್ಟೆ. ಮಗಳು ಬುರ್ಗಿ ಅದೇ ಊರಿನ ವಾದ್ಯಮೇಳದಲ್ಲಿ ಬಸೂನ್ ಎಂಬ ಆಳೆತ್ತರದ ಮರದ ವಾದ್ಯ ಊದುತ್ತಿದ್ದರೂ ಈತ ಒಳಗೆ ಕಾಲಿಟ್ಟವನಲ್ಲ. ಬಲಗಿವಿ ಹೋಗಿ, ಎಡಗಿವಿಯೂ ಈಸ್ಟರ್ ದಾಟುವುದಿಲ್ಲ ಎಂದು ಡಾಕ್ಟರು ಹೇಳಿದಾಗ, ಮಗಳ ವಾದ್ಯ ಕೇಳಲೇಬೇಕೆಂದು ಹಟ ಹಿಡಿದ.

"ಮನೇಲೇ ಊದ್ತೀನಿ ಬಿಡಪ್ಪ," ಎಂದಳು ಬುರ್ಗಿ.

"ಬೇಡ. ಅಷ್ಟು ಜನರ ನಡುವೆ ನಿನ್ನ ದನಿ ನಾನೇ ಗುರುತು ಹಿಡೀಬೇಕು. ಒಂದೇ ಒಂದ್ಸಲ."

ಭಾನುವಾರ ಬೆಳಿಗ್ಗೆಯ ಕಛೇರಿಗಳಿಗೆ ಹೋಗತೊಡಗಿದ. ನಿಂತು ಕೇಳುವವರ ಸಾಲಿನಲ್ಲಿ, ಕಂಬಿಗೆ ಮಫ್ಲರ್ ಕಟ್ಟಿ ಜಾಗ ಹಿಡಿದು, ಮೊದಲ ದಿನ ಸಂತೆಯಲ್ಲಿ ಕಳೆದುಹೋದ ಮಗುವಿನಂತೆ ಬೆವರಿದ. ಪಕ್ಕದಲ್ಲಿ ನಿಲ್ಲುತ್ತಿದ್ದ ಮುದುಕಿ ಹೆರ್ಮಿನೆ ಬಾಯಿಬಡುಕಿ, ಆದರೆ ಕರುಳಿದ್ದವಳು.

"ರೀ, ಎಲ್ಲಾನೂ ಒಟ್ಟಿಗೆ ಯಾಕೆ ಬಾಚ್ಕೊಳ್ತೀರಿ? ಒಂದು ವಾದ್ಯದ ಬಾಲ ಹಿಡ್ಕೊಳ್ಳಿ. ಮಿಕ್ಕವರು ಮೇಲೆ ಬಿದ್ದು ಮುಚ್ಚಿದ್ರೂ ಬಿಡಬೇಡಿ."

"ರಾಗ ತಪ್ಪಿಹೋದ್ರೆ?"

"ಬಟ್ಟೆ ಬದಲಾಯಿಸ್ಕೊಂಡು ಮತ್ತೆ ಬರುತ್ತೆ. ಈ ಸಿಂಫನಿ ಬರೆದ ಮಹಾನುಭಾವರು ಒಂದೇ ಮಾತನ್ನ ಮುಕ್ಕಾಲು ಗಂಟೆ ಆಡೋರು!"

ಹೋದ ರಾಗ ಹಿಂದಿರುಗುವುದು ಅವನಿಗೆ ಗೊತ್ತಾಗತೊಡಗಿತು. ಅಷ್ಟರಲ್ಲಿ ಪಿಟೀಲುಗಳು ಒಂದೊಂದಾಗಿ ಮಸುಕಾದವು. ಕಲಿತಷ್ಟೂ ಕಿವಿ ಕೈಕೊಡುತ್ತಿತ್ತು; ದೇವರಿಗೆ ಇದಕ್ಕಿಂತ ಬೇರೆ ಕೆಲಸವಿರಲಿಲ್ಲವೇನೋ.

ಮಾರ್ಚ್ ಕೊನೆಗೆ ಆ ದಿನ ಬಂತು. ಸಿಂಫನಿಯ ಮೂರನೇ ಭಾಗದಲ್ಲಿ ಬುರ್ಗಿ ಒಬ್ಬಳೇ ಊದುವ ಸರದಿ. ಆಲೋಯಿಸ್ ಕಣ್ಣು ಮುಚ್ಚಿ, ಎಡಗಿವಿಯನ್ನು ವೇದಿಕೆಗೆ ಒಡ್ಡಿದ. ಆಳದಿಂದ ಒಂದು ದನಿ ಎದ್ದಿತು, ಒಂಟಿಯಾಗಿ, ಬಿಸಿಯಾಗಿ. ಇವಳೇ! ಆಮೇಲೆ ಏನು ನುಡಿಯಿತೋ ಅವನಿಗೆ ತಿಳಿಯಲಿಲ್ಲ, ಅಳುತ್ತಿದ್ದ.

ಹಿಂಬಾಗಿಲಲ್ಲಿ ಮಗಳನ್ನು ತಬ್ಬಿ ಆ ರಾಗವನ್ನು ಗುನುಗಿದ. ಅವಳ ಮುಖ ಬಿಳಿಚಿತು.

"ಹೂಂ ಅಪ್ಪ. ಅದೇ."

ಟ್ರಾಮಿನಲ್ಲಿ ಸುಳ್ಳು ಹೇಳುವ ಮುಖಗಳನ್ನು ಅವನು ಬೇಕಾದಷ್ಟು ಕಂಡಿದ್ದ.

"ಯಾರದು ಅದು?" ಅವಳ ತುಟಿಗಳನ್ನೇ ನೋಡುತ್ತ ಕೇಳಿದ.

"ಹಾರ್ನ್, ಆ ಹಿತ್ತಾಳೆ ಕೊಂಬು ಊದೋರದು. ನಂದು ಅದಾದ ಮೇಲೆ ಬರುತ್ತೆ."

"ನಿಂದು ಹೇಳು."

ಬುರ್ಗಿ ಅವನ ಎಡಗಿವಿಗೆ ಬಾಯಿಟ್ಟು ಗುನುಗಿದಳು. ಕೆನ್ನೆಗೆ ಅವಳ ಉಸಿರು ತಾಕಿತು, ಕಿವಿಗೇನೂ ಬೀಳಲಿಲ್ಲ.

"ಇನ್ನೊಂದ್ಸಲ," ಎಂದ ಅವನು, ಅವಳ ತೋಳು ಹಿಡಿದುಕೊಂಡು. "ಜೋರಾಗಿ, ಮಗಳೇ. ಇನ್ನೊಂದ್ಸಲ."