ಹಿಮ್ಮೇಳವೂ ನಾನೇ

ಒಬ್ಬನೇ ಇರುವವನು ಒಬ್ಬನೇ ಉಣ್ಣಬಹುದು, ಒಬ್ಬನೇ ಮಾತಾಡಿಕೊಳ್ಳಬಹುದು. ಆದರೆ ಭಜನಾ ಪದವನ್ನು ಒಬ್ಬನೇ ಹಾಡಲು ಬರುವುದಿಲ್ಲ. ಮುಂದಿನವನು ಒಂದು ಸೊಲ್ಲು ಹೇಳಬೇಕು, ಹಿಂದಿನವರು ಅದನ್ನು ತಿರುಗಿ ಹೇಳಬೇಕು. ಹಿಂದೆ ಯಾರೂ ಇಲ್ಲದಿದ್ದರೆ ಅದು ಭಜನೆಯಲ್ಲ, ಒದರಾಟ.

ರಾಣೆಬೆನ್ನೂರಿನ ನಮ್ಮ ಓಣಿಯ ಗುಡಿಯಲ್ಲಿ ಪ್ರತಿ ಸೋಮವಾರ ಸಂಜೆ ಭಜನೆ. ಅಲ್ಲಿ ಮುಂದಿನವನು ನಾನು, ಹಾರ್ಮೋನಿಯಂ ನನ್ನದು. ನನ್ನ ಬಲಕ್ಕೆ ಐರಣಿಯವನು, ಎಡಕ್ಕೆ ಬ್ಯಾಡಗಿಯವನು, ಆಚೆಗೆ ತಬಲಾದವನು. ನಮ್ಮ ಗುಡಿಯ ರೂಢಿ ಏನೆಂದರೆ, ಪಲ್ಲವಿಯನ್ನು ಮೊದಲು ನಾನು ಹೇಳಬೇಕು, ಎರಡನೆಯ ಸಲ ಹಿಮ್ಮೇಳ ಹೇಳಬೇಕು, ಮೂರನೆಯ ಸಲ ಕೂತ ಮಂದಿ ಎತ್ತಿಕೊಳ್ಳಬೇಕು. ಆ ಮೂರನೆಯದಕ್ಕೆ ಶ್ರುತಿಯೂ ಇಲ್ಲ, ತಾಳವೂ ಇಲ್ಲ. ಶ್ರುತಿಯ ವಿಷಯದಲ್ಲಿ ನಾನು ಮಹಾ ಸಿಡುಕ. ಕಾಳಿ ಎರಡು, ಅಂದರೆ ಹಾರ್ಮೋನಿಯಂನ ಎರಡನೆಯ ಕರಿ ಮನೆ, ಅದೇ ನನ್ನ ಶ್ರುತಿ. ಅದರಿಂದ ಎಳೆಯಷ್ಟು ಜಾರಿದರೂ ಗೆಳೆಯರನ್ನು ಹುಬ್ಬು ಗಂಟಿಕ್ಕಿ ನೋಡುತ್ತಿದ್ದೆ. ಮಂದಿಯನ್ನು ಮಾತ್ರ ಏನೂ ಮಾಡುವಂತಿರಲಿಲ್ಲ. ಅವರು ಹಾಡುವಷ್ಟು ಹೊತ್ತು ಕಣ್ಣು ಮುಚ್ಚಿಕೊಂಡು ಸಹಿಸುತ್ತಿದ್ದೆ. ನೋಡಿದವರು ಅದನ್ನು ಭಕ್ತಿ ಎಂದುಕೊಳ್ಳುತ್ತಿದ್ದರು.

ಮೇಳ ಮುರಿದದ್ದು ಜಗಳದಿಂದಲ್ಲ. ಐರಣಿಯವನು ತೀರಿಕೊಂಡ. ತಬಲಾದವನಿಗೆ ಮದುವೆ ಆರ್ಕೆಸ್ಟ್ರಾದವರು ಸಿಕ್ಕರು. ಬ್ಯಾಡಗಿಯವನು ಮೆಣಸಿನಕಾಯಿ ಅಂಗಡಿಯಲ್ಲಿ ಕೆಲಸಕ್ಕಿದ್ದಾನೆ. ಘಾಟು ಗಂಟಲಿಗೆ ಹತ್ತಿ, ಸ್ವರ ಮೇಲೇರಿದರೆ ಸಾಕು ಕೆಮ್ಮು ಬರತೊಡಗಿತು, ಅವನು ಬರುವುದನ್ನೇ ಬಿಟ್ಟ. ಅಷ್ಟರಲ್ಲಿ ನನ್ನ ಹೆಂಡತಿ ಮೊಮ್ಮಗುವನ್ನು ನೋಡಿಕೊಳ್ಳಲು ಹಾವೇರಿಯ ಮಗಳ ಮನೆಗೆ ಹೋಗಿದ್ದಳು. ನಾನೂ ಹೋಗಿ ನಾಲ್ಕು ದಿನ ಇದ್ದು ನೋಡಿದೆ. ಕೂಸು ಮಲಗಿದಾಗ ಕೆಮ್ಮುವಂತಿಲ್ಲದ ಮನೆಯಲ್ಲಿ ಹಾರ್ಮೋನಿಯಂ ಎಲ್ಲಿಯದು? ಅವರು ನನ್ನನ್ನು ಬೇಡವೆನ್ನಲಿಲ್ಲ, ನನಗೇ ಸರಿಹೋಗಲಿಲ್ಲ. ಬೀಜದ ಕಂಪನಿಯ ಆಫೀಸಿನಿಂದ ನಿವೃತ್ತನಾದ ಮೇಲೆ ವಾರದಲ್ಲಿ ನನಗೆ ಗುರುತು ಸಿಗುತ್ತಿದ್ದದ್ದು ಸೋಮವಾರ ಒಂದೇ. ಬುಧವಾರವೋ ಶುಕ್ರವಾರವೋ ಎಂಬುದನ್ನು ಪೇಪರ್ ನೋಡಿ ತಿಳಿಯಬೇಕು.

ಗುಡಿಯ ಹಿರಿಯರೊಬ್ಬರು ಒಂದು ದಿನ ಕರೆದು ಚಹಾ ಕುಡಿಸಿದರು. "ಮೇಳ ಇಲ್ಲಂದ್ರ ಇರ್ಲಿ ಬಿಡ್ರಿ. ಸೋಮವಾರ ಪೆನ್‌ಡ್ರೈವ್ ಹಚ್ಚಿಬಿಡ್ತೇವಿ. ನೀವೊಬ್ರ ಯಾಕ ತ್ರಾಸ ಮಾಡ್ಕೋತೀರಿ?" ಎಂದರು.

"ಮೇಳ ತರ್ತೇನ್ರಿ," ಎಂದೆ. ಎಲ್ಲಿಂದ ತರುವುದು ಎಂದು ನನಗೇ ಗೊತ್ತಿರಲಿಲ್ಲ. ಸೋಮವಾರವೂ ಹೋದರೆ ನಾನು ಯಾರಿಗೂ ಬೇಕಾಗದವನಾಗುತ್ತೇನೆ ಎಂಬ ಹೆದರಿಕೆಯಿಂದ ಬಾಯಿಗೆ ಬಂದದ್ದನ್ನು ಹೇಳಿದ್ದೆ.

ಮೊದಲು ಬ್ಯಾಡಗಿಗೆ ಹೋದೆ. ಗೆಳೆಯ ಮೂಗಿಗೆ ಟವೆಲ್ ಕಟ್ಟಿಕೊಂಡು ಮೆಣಸಿನಕಾಯಿ ಚೀಲಗಳ ನಡುವೆ ಕೂತಿದ್ದ. ನಾನು ಬಂದ ಕಾರಣ ಹೇಳಲು ಬಾಯಿ ತೆರೆದರೆ ಮಾತಿನ ಬದಲು ಕೆಮ್ಮು ಬಂತು. ಅವನು ನಕ್ಕ.

"ಒಂದ ಗಳಿಗ್ಯಾಗ ನಿನಗ ಹಿಂಗಾತು. ನನ್ನ ಗಂಟಲದ ಕತಿ ಏನಾಗಿರಬೇಕು?"

"ಹಾಡೂದು ಬ್ಯಾಡ ಮಾರಾಯಾ. ಸುಮ್ಮ ಬಂದು ಮಗ್ಗಲಕ್ಕ ಕುಂದ್ರು."

"ಕುಂತ್ರ ಹಾಡಬೇಕನಸ್ತೈತಿ ದೋಸ್ತಾ. ಹಾಡಾಕ ಬರಲಾರದ ಅಲ್ಲೆ ಕುಂದ್ರೂದು ಭಾಳ ಕೆಟ್ಟ."

ಹೊರಡುವಾಗ ಒಂದು ಕೈಚೀಲದ ತುಂಬ ಮೆಣಸಿನಕಾಯಿ ಕೊಟ್ಟ. ಒಬ್ಬನೇ ಉಣ್ಣುವ ಮನೆಗೆ ಅದು ಯಾವಾಗ ತೀರುವುದೋ ಎಂದು ಬಸ್ಸಿನಲ್ಲಿ ಯೋಚಿಸುತ್ತ ಬಂದೆ.

ಮನೆಯಲ್ಲಿ ಅಳಿಯ ಬಿಟ್ಟುಹೋದ ಹಳೆಯ ಲ್ಯಾಪ್‌ಟಾಪ್ ಇತ್ತು. ಅದರಲ್ಲಿ ಹಾಡು ರೆಕಾರ್ಡ್ ಮಾಡುವ ಸಾಫ್ಟ್‌ವೇರ್ ಹಾಕಿಸಿಕೊಂಡು, ಒಂದು ಮೈಕ್ ಕೊಂಡು, ವಿಡಿಯೊಗಳನ್ನು ನೋಡಿ ನೋಡಿ ಕಲಿತೆ. ಪರದೆಯ ಮೇಲೆ ಒಂದರ ಕೆಳಗೊಂದು ಸಾಲುಗಳಿರುತ್ತವೆ, ಸಾಲಿಗೊಂದು ದನಿ. ಒಂದೇ ಪಲ್ಲವಿಯನ್ನು ಹತ್ತಾರು ಸಲ ಹಾಡಿ, ಪ್ರತಿ ಟೇಕನ್ನೂ ಉಳಿಸಿಕೊಂಡು, ಇದರ ಆರಂಭ, ಅದರ ಎಳೆತ, ಇನ್ನೊಂದರ ಮುಕ್ತಾಯ ಎಂದು ಒಳ್ಳೆಯದನ್ನಷ್ಟೇ ಕತ್ತರಿಸಿ ಕೂಡಿಸಬಹುದು. ಕೂಡಿಸಿದ ಜಾಗದಲ್ಲಿ ಒಂದನ್ನು ಮೆಲ್ಲಗೆ ಇಳಿಸಿ ಇನ್ನೊಂದನ್ನು ಮೆಲ್ಲಗೆ ಏರಿಸಿದರೆ ಹೊಲಿಗೆ ಕಿವಿಗೆ ಕಾಣುವುದಿಲ್ಲ. ಹಾಡಿದ್ದೇ ಹಾಡೋ ಕಿಸಬಾಯಿ ದಾಸ ಎಂದು ಜನ ಹಂಗಿಸುತ್ತಾರಲ್ಲ, ಅಂಥ ದಾಸನಿಗೆ ಹೇಳಿ ಮಾಡಿಸಿದ ಯಂತ್ರ.

ಹೊರಗಿನ ಸಪ್ಪಳ ಬಾರದಂತೆ ಕಿಟಕಿ ಬಾಗಿಲುಗಳಿಗೆ ಕೌದಿ ಕಟ್ಟಿ, ಫ್ಯಾನ್ ಆರಿಸಿ, ಬೆವರು ಸುರಿಸುತ್ತ ಹಾಡಿದೆ. ಒಂದು ಟೇಕು ಇನ್ನೇನು ಮುಗಿಯಬೇಕು, ಹೊರಗೆ ಹತ್ತಿ ಬೀಜದ ಜಾಹೀರಾತು ಕೂಗುತ್ತ ಆಟೊ ಹೋಯಿತು. ಇಷ್ಟು ವರ್ಷ ಬೀಜದ ಅನ್ನ ಉಂಡವನು ಅಂದು ಬೀಜಕ್ಕೇ ಬೈದೆ.

ಹಿಮ್ಮೇಳದ ದನಿಗಳನ್ನೆಲ್ಲ ಹಾಡಿ, ಒಂದರ ಮೇಲೊಂದಿಟ್ಟು ಕೇಳಿದರೆ, ಯಾರೋ ದಪ್ಪ ಮನುಷ್ಯ ಬಾವಿಯೊಳಗೆ ನಿಂತು ಹಾಡಿದಂತಿತ್ತು. ಎಲ್ಲರೂ ನಾನೇ ಆದರೆ ಅದು ಮೇಳವಾಗುವುದು ಹೇಗೆ? ಅದಕ್ಕೆ ಗೆಳೆಯರಂತೆ ಹಾಡಲು ಕೂತೆ. ಬ್ಯಾಡಗಿಯವನಾಗುವಾಗ ಕಿವಿಯ ಮೇಲೆ ಕೈಯಿಟ್ಟುಕೊಂಡು ಮೂಗಿನಿಂದ ಎತ್ತಿದೆ. ಐರಣಿಯವನಿಗೆ ಯಾವಾಗಲೂ ಅವಸರ, ನನ್ನ ಸೊಲ್ಲು ಮುಗಿಯುವ ಮೊದಲೇ ಒಳಗೆ ಬರುತ್ತಿದ್ದ. ಅವನದು ಹೊಳೆದಂಡೆಯ ಊರು, "ನದ್ಯಾಗ ದೋಣಿ ಹೊಂಟೈತೇನೋ?" ಎಂದು ರೇಗಿಸುತ್ತಿದ್ದೆ. ಈಗ ಪರದೆಯ ಮೇಲೆ ಅವನ ಸಾಲನ್ನು ನಾನೇ ಒಂದು ಎಳೆ ಮೊದಲೇ ಬರುವಂತೆ ಸರಿಸಿದೆ. ಹಾಡು ಚೊಕ್ಕಟವಾಗಲೆಂದು ಉಸಿರು ಎಳೆದುಕೊಳ್ಳುವ ಸಪ್ಪಳಗಳನ್ನೆಲ್ಲ ಅಳಿಸಿದ್ದೆ. ಉಸಿರಿಲ್ಲದ ಐರಣಿಯವನನ್ನು ಹೆಡ್‌ಫೋನಿನಲ್ಲಿ ಕೇಳಿದಾಗ ಅಳು ಬಂತು. ಅಳಿಸಿದ್ದನ್ನೆಲ್ಲ ತಿರುಗಿ ಹಾಕಿದೆ. ಆಮೇಲೆ ಹಚ್ಚಿ ಕೇಳುವಾಗ, ಅವನು ಒಳಗೆ ಬಂದ ಕೂಡಲೇ ನನ್ನ ಕತ್ತು ತಾನಾಗಿ ಬಲಕ್ಕೆ ಹೊರಳಿತು. ಅಲ್ಲಿ ಕೌದಿ ಇತ್ತು.

ಇನ್ನು ಉಳಿದದ್ದು ಮೂರನೆಯ ಸರದಿ, ಮಂದಿಯದು. ಅದರ ಜಾಗ ಖಾಲಿ ಬಿಡಬೇಕೆಂದು ಹೊಳೆಯದೆ ಇರಲಿಲ್ಲ, ಮನಸ್ಸಾಗಲಿಲ್ಲ. ಹೇಗೂ ಯಂತ್ರ ಕೈಯಲ್ಲಿದೆ, ಮಂದಿಯ ಪಾಲೂ ಒಮ್ಮೆ ಶ್ರುತಿಯಲ್ಲಿರಲಿ ಎಂದು ಅದನ್ನೂ ನಾನೇ ಹಾಡಿ ತುಂಬಿದೆ. ಅದನ್ನು ಹಚ್ಚಿ ಕೇಳುತ್ತಿದ್ದಾಗ ಹಾವೇರಿಯಿಂದ ಹೆಂಡತಿಯ ಫೋನ್ ಬಂತು.

"ಮನ್ಯಾಗ ಯಾರ ಬಂದಾರ್ರಿ? ಇಷ್ಟ ಮಂದಿ ಹಾಡಾಕತ್ತಾರ!"

"ಯಾರೂ ಬಂದಿಲ್ಲ. ಅದು ನಾನ."

"ಹಿಂದ ಹಾಡಾವರು?"

"ಅವರೂ ನಾನ."

ನನ್ನ ಹಿಂದೆ ನಾನೇ ಗುಂಪಾಗಿ ಹಾಡುತ್ತಿದ್ದೆ. "ಊಟಕ್ಕ ಏನ ಮಾಡ್ಕೊಂಡೀರಿ?" ಎಂದು ಕೇಳಿದಳು. ಬೆಳಗಿನ ಅನ್ನ ಇದೆ ಎಂದೆ.

ಉಳಿದ ಪದಗಳನ್ನೂ ಹೀಗೇ ಕೂಡಿಸಿಕೊಂಡು, ಸೋಮವಾರ ಎರಡು ಸ್ಪೀಕರ್ ಒಯ್ದು ಬಲಕ್ಕೊಂದು, ಎಡಕ್ಕೊಂದು ಇಟ್ಟೆ. ತಬಲಾ ಕೂಡ ಯಂತ್ರದ್ದೇ. ಪಲ್ಲವಿ ಹೇಳಿದೆ, ಗೆಳೆಯರು ಅಲ್ಲಿಂದ ಇಲ್ಲಿಂದ ತಿರುಗಿ ಹೇಳಿದರು. ಮಂದಿ ಮೊದಲು ಗಾಬರಿಯಾಗಿ ಅತ್ತಿತ್ತ ನೋಡಿ, ಆಮೇಲೆ ತಲೆದೂಗಿದರು. ಮೂರನೆಯ ಸಲ ಯಂತ್ರದ ಮಂದಿ ಕಾಳಿ ಎರಡರಲ್ಲಿ ಎತ್ತಿಕೊಂಡರು. ಕೂತ ಮಂದಿ ಬಾಯಿ ತೆರೆಯಲಿಲ್ಲ. ಪದದ ಮೇಲೆ ಪದ ಹಾಡಿದೆ. ಯಾರೂ ತಪ್ಪಲಿಲ್ಲ, ಯಾರೂ ಎಳೆಯಲಿಲ್ಲ. ಕೆಲವರು ಮೊಬೈಲ್ ಎತ್ತಿ ವಿಡಿಯೊ ಮಾಡಿಕೊಂಡರು, ಉಳಿದವರು ಟಿವಿ ನೋಡುವವರ ಹಾಗೆ ಕೂತಿದ್ದರು. ನಾನು ಕಣ್ಣು ಮುಚ್ಚಬೇಕಾದ ಪ್ರಸಂಗವೇ ಬರಲಿಲ್ಲ. ತೆರೆದ ಕಣ್ಣಿಗೆ ಅವರ ಮುಚ್ಚಿದ ಬಾಯಿಗಳು ಕಾಣುತ್ತಿದ್ದವು.

ಮಂಗಳಾರತಿ ಆದ ಮೇಲೆ ಹಿರಿಯರು ಖುಷಿಯಿಂದ ಹತ್ತಿರ ಬಂದರು. "ಭಾರಿ ಆತ್ರಿ! ಖರೇ ಮೇಳಕ್ಕಿಂತ ಚೊಲೋ ಆತು. ನಿಮ್ಮ ದನೀನೂ ಸೇರ್ಸಿ ಇದನ್ನ ಪೆನ್‌ಡ್ರೈವ್‌ಗೆ ಹಾಕಿಕೊಡ್ರಿ. ಮುಂದಿನ ವಾರದಿಂದ ನಾವ ಹಚ್ಚತೇವಿ, ನೀವು ಬರೂ ತ್ರಾಸ ಇಲ್ಲ."

ಅವರ ಮಾತಿನಲ್ಲಿ ಕೊಂಕಿರಲಿಲ್ಲ, ಕಾಳಜಿಯೇ ಇತ್ತು. ನನ್ನ ಸೋಮವಾರವನ್ನು ಉಳಿಸಿಕೊಳ್ಳಲು ಹೋಗಿ, ನಾನೇ ಬೇಕಿಲ್ಲದಷ್ಟು ಚೆಂದ ಮಾಡಿಕೊಟ್ಟಿದ್ದೆ. ಸ್ಪೀಕರ್ ಹೊತ್ತು ಮನೆಗೆ ಬಂದವನು ದೀಪವನ್ನೂ ಹಾಕದೆ ಬಹಳ ಹೊತ್ತು ಕೂತಿದ್ದೆ.

ಪೆನ್‌ಡ್ರೈವ್ ಕೊಡಲಿಲ್ಲ. ಹಿರಿಯರು ಫೋನ್ ಮಾಡಿದಾಗ, "ಇದೊಂದ ವಾರ ನಾನ ಬರ್ತೇನ್ರಿ, ಆಮ್ಯಾಲೆ ನೋಡೂಣು," ಎಂದೆ. ಸೋಮವಾರ ಹಾರ್ಮೋನಿಯಂ ಮಾತ್ರ ತೆಗೆದುಕೊಂಡು ಹೋದೆ. ಆ ದಿನ ಮಂದಿಯೂ ಕಡಿಮೆ. ಪಲ್ಲವಿ ಹೇಳಿದೆ. ಹಿಂದೆ ಯಾರೂ ಇಲ್ಲ. ಎರಡನೆಯದನ್ನೂ ನಾನೇ ಹೇಳಿ ನಿಲ್ಲಿಸಿದೆ. ಇನ್ನು ಮಂದಿಯ ಸರದಿ. ಹಾರ್ಮೋನಿಯಂನ ಶ್ರುತಿ ಒಂದೇ ಗುಂಯ್‌ಗುಡುತ್ತಿತ್ತು. ಒಬ್ಬರು ಕೆಮ್ಮಿದರು, ಒಬ್ಬರು ಗಡಿಯಾರ ನೋಡಿದರು. ಹೀಗೇ ಎದ್ದು ಹೋಗಿಬಿಡಲೇ ಎನಿಸಿತು.

ಆಗ ಕಂಬಕ್ಕೆ ಒರಗಿ ಕೂತಿದ್ದ ಒಬ್ಬ ಹೆಣ್ಣುಮಗಳು ಪಲ್ಲವಿ ಎತ್ತಿದಳು. ವಾರವಾರವೂ ಬರುವಾಕೆ, ಗುಂಪಿನಲ್ಲಿ ಆಕೆಯ ದನಿಯನ್ನು ನಾನು ಬೇರೆಯಾಗಿ ಕೇಳಿರಲಿಲ್ಲ. ತೀರಾ ತಗ್ಗಿದ ದನಿ. ಕಾಳಿ ಎರಡಕ್ಕೂ ಅದಕ್ಕೂ ಸಂಬಂಧವಿಲ್ಲ. ನನ್ನ ಹಾರ್ಮೋನಿಯಂನ ಯಾವ ಮನೆಯಲ್ಲೂ ಆ ಶ್ರುತಿ ಇಲ್ಲ. ತನ್ನೊಬ್ಬಳದೇ ದನಿ ಎಂದು ಗೊತ್ತಾಗಿ ನಡುವೆ ನಿಲ್ಲಿಸಿ ಸೆರಗು ಬಾಯಿಗೆ ಒತ್ತಿಕೊಂಡಳು.

"ನಿಲ್ಲಸಬ್ಯಾಡ್ರಿ ಅಕ್ಕಾರ, ಹೇಳ್ರಿ," ಎಂದೆ.

ಆಕೆ ಮೊದಲಿನಿಂದ ಹೇಳಿದಳು. ನಾನು ಹಾರ್ಮೋನಿಯಂನ ತಿದಿ ಮುಚ್ಚಿ, ಆಕೆಯ ಶ್ರುತಿಗೆ ಇಳಿದು, ಹಿಂದೆ ಹೇಳಿದೆ.