ನಡುವೆ ಗುರುತು ಬೀಳದ ತೋಟಾ

ಕಾಲೇಜಿನ ಎನ್‌ಸಿಸಿ ದಿನಗಳಿಂದ ಶಾಂತಾದೇವಿಯಲ್ಲಿ ಒಂದು ಆಸೆ ಉಳಿದಿತ್ತು: ತ್ರೀ ನಾಟ್ ತ್ರೀ ರೈಫಲಿನಿಂದ ಒಂದೇ ಒಂದು ಗುಂಡು ಹಾರಿಸಬೇಕು. ಹುಡುಗಿಯರ ಕೈಗೆ ಅಲ್ಲಿ ಸಿಗುತ್ತಿದ್ದುದು ಪಾಯಿಂಟ್ ಟೂಟೂ ಎಂಬ ಚಿಕ್ಕ ರೈಫಲ್ ಮಾತ್ರ. ಆಮೇಲೆ ಮದುವೆ, ಜಯನಗರದ ಮನೆ, ಮಗು.

ಚೀನಾ ಯುದ್ಧದ ಮರುವರ್ಷ ಬನಶಂಕರಿ ಗುಡಿಯಾಚೆಯ ಕಲ್ಲುಗಣಿಯಲ್ಲಿ ಹೆಂಗಸರಿಗೂ ರೈಫಲ್ ತರಬೇತಿ ಶುರುವಾಯಿತು. ನಾಲ್ಕು ತಿಂಗಳ ಮಗು ಹಸಿದು ಅತ್ತರೆ ಎಂಬ ದಿಗಿಲಿಗೆ ಅವಳು ಅತ್ತೆ ಬಸವಲಿಂಗಮ್ಮನನ್ನೂ ಜೊತೆಗೆ ಕರೆದೊಯ್ಯುತ್ತಿದ್ದಳು.

ತರಬೇತಿ ಕೊಡುತ್ತಿದ್ದ ಹವಾಲ್ದಾರ್ ಸೇತುರಾಮ ಅಂಗೈಯಲ್ಲಿ ಎರಡೂ ಬಗೆಯ ರೈಫಲಿನ ಒಂದೊಂದು ತೋಟಾ ಇಟ್ಟು ತೋರಿಸಿದರು. "ಗುಂಡಿನ ದಪ್ಪದಲ್ಲಿ ಅಂಥಾ ವ್ಯತ್ಯಾಸ ಏನಿಲ್ಲ ತಾಯಿ. ಹಿಂದೆ ಮದ್ದು ತುಂಬೋ ಹಿತ್ತಾಳೆ ಕೊಳವೆ ನೋಡಿ. ಇದು ಒಂದು ಗೆಣ್ಣು, ಇದು ಕಿರುಬೆರಳಿನಷ್ಟುದ್ದ. ಹೊಡೆದಾಗ ಚಿಕ್ಕದಕ್ಕೆ ರೈಫಲಿನ ಸೂಜಿ ಬುಡದ ಅಂಚಿಗೆ ಬಡಿಯುತ್ತೆ, ದೊಡ್ಡದಕ್ಕೆ ನಟ್ಟನಡುವೆ. ಖಾಲಿ ಕೊಳವೆ ಮೇಲೆ ಗುರುತು ಕಾಣುತ್ತೆ."

"ಭುಜಕ್ಕೆ ಒದೆಯುತ್ತಾ?" ಎಂದಳು ಶಾಂತಾದೇವಿ.

"ಚಿಕ್ಕದು ತಾಯಿ ಥರ ತಟ್ಟುತ್ತೆ. ದೊಡ್ಡದು ಅತ್ತೆ ಥರ."

"ನಾನಿಲ್ಲೇ ಕೂತಿದೀನಪ್ಪಾ!" ಎಂದರು ಬಸವಲಿಂಗಮ್ಮ.

ಕೊನೆಯ ದಿನ ಐದು ಚಿಕ್ಕ ಗುಂಡುಗಳನ್ನೂ ರೂಪಾಯಿ ನಾಣ್ಯದಗಲದಲ್ಲಿ ಕೂರಿಸಿದವಳು ಶಾಂತಾದೇವಿ ಒಬ್ಬಳೇ. ಆ ಸದ್ದಿಗೆ ಮಗು ನಿದ್ದೆಯಲ್ಲಿ ಅಲುಗಲೂ ಇಲ್ಲ.

"ಬನ್ನಿ ತಾಯಿ, ನಿಮಗೊಂದು ದೊಡ್ಡದು."

ಅವಳ ಎದೆ ಹಿಗ್ಗಿತು, ಮರುಕ್ಷಣವೇ ಕುಗ್ಗಿತು. ದೊಡ್ಡದರ ಸದ್ದಿಗೆ ಮಗು ಬೆಚ್ಚಿದರೆ? ಕಿವಿಗೆ ಹತ್ತಿ ಇಡೋಣವೆಂದರೆ, ಒಳಗೆ ಹೋಗಿಬಿಟ್ಟರೆ?

"ಕೆರೆ ಏರಿ ಆಚೆ ಕರ್ಕೊಂಡ್ಹೋಗ್ತೀನಿ. ನೀನು ಹೊಡಿಯೇ, ಸಾಕು ನಿನ್ ಪೇಚಾಟ," ಎಂದು ಅತ್ತೆ ಮಗುವನ್ನೆತ್ತಿಕೊಂಡು ಹೊರಟರು.

ಶಾಂತಾದೇವಿ ಬೋರಲು ಮಲಗಿ ತೋಟಾ ತುಂಬಿದ ರೈಫಲನ್ನು ಭುಜಕ್ಕೊತ್ತಿಕೊಂಡಳು. ಮಗು ನಿದ್ದೆಹೋಗುವ ಭುಜ ಅದೇ. ಗುರಿಯ ಮೇಲಿರಬೇಕಾದ ಕಣ್ಣು ಅತ್ತೆಯ ಹಸಿರು ಸೀರೆಯ ಬೆನ್ನು ಹತ್ತಿತು. ಮಂಡಿನೋವಿನ ನಡಿಗೆ. ಇನ್ನು ಹತ್ತು ಹೆಜ್ಜೆ. ಇನ್ನೈದು. ಸೀರೆ ಏರಿಯಾಚೆ ಮರೆಯಾಯಿತು. ಅವಳು ಉಸಿರು ಹಿಡಿದಳು.

ಹವಾಲ್ದಾರರ ಸೀಟಿ ಕೂಗಿತು. ಮೇದು ಮರಳುತ್ತಿದ್ದ ದನಗಳು ಗುರಿಹಲಗೆಯ ಹಿಂದೆ ಒಂದೊಂದಾಗಿ ಕಾಣಿಸಿಕೊಂಡಿದ್ದವು.

"ಅವು ದಾಟೋ ಹೊತ್ತಿಗೆ ಕತ್ತಲಾಗುತ್ತೆ. ನಾಳೆ ರೈಫಲೆಲ್ಲ ವಾಪಸ್ ಹೋಗ್ತವೆ ತಾಯಿ."

ತೋಟಾ ಹೊರತೆಗೆದು ಕೊಡುವ ಮುನ್ನ ಅವಳು ಅದರ ಬುಡ ನೋಡಿದಳು. ನಟ್ಟನಡುವೆ ನುಣ್ಣಗಿತ್ತು. ಹೆಬ್ಬೆರಳಿನಿಂದ ಒಮ್ಮೆ ಸವರಿದಳು.

ಅವಳು ಏರಿ ದಾಟಿ ಬಂದಾಗ ಬಸವಲಿಂಗಮ್ಮ ಮಗುವನ್ನು ಮಡಿಲಲ್ಲಿಟ್ಟುಕೊಂಡು, ಎರಡೂ ಅಂಗೈಗಳಿಂದ ಅದರ ಕಿವಿ ಮುಚ್ಚಿ ಕೂತೇ ಇದ್ದರು.

"ಆಯ್ತೇನೇ? ಕೈ ತೆಗೀಲಾ?"

"ಇನ್ನೊಂದು ಗಳಿಗೆ ಹಾಗೇ ಇಟ್ಟಿರಿ ಅತ್ತೆ," ಎಂದು ಶಾಂತಾದೇವಿ ಪಕ್ಕದಲ್ಲಿ ಕುಳಿತಳು.