ಎಲ್ಲಿಗೂ ಹೋಗಿಲ್ಲ ಎಂದು ಬರೆದ ಹೊವಿತಾ

ಹೊವಿತಾ ಕೂತು ಊಟ ಮಾಡಿದ್ದನ್ನು ನಾನು ನೋಡಿದ್ದು ಕಡಿಮೆ. ಒಲೆಯ ಪಕ್ಕದಲ್ಲೇ ನಿಂತು, ತೊರ್ತಿಯಾ ರೊಟ್ಟಿಯಲ್ಲಿ ಬೆಂದ ಕಾಳು ಸುತ್ತಿ ಬಾಯಿಗಿಟ್ಟುಕೊಂಡು, ವ್ಯಾನಿನ ಕೀ ಹಿಡಿದು ಹೊರಟುಬಿಡುವಳು. ಅವಳ ಮಗನ ಜ್ಞಾನಸ್ನಾನದಲ್ಲಿ ಅವನನ್ನು ಎತ್ತಿಕೊಂಡವಳು ನಾನು. ಅಂದಿನಿಂದ ನಾವು ಒಬ್ಬರಿಗೊಬ್ಬರು ಕೊಮಾದ್ರೆ, ಹೆತ್ತ ತಾಯಿಗೂ ಜ್ಞಾನತಾಯಿಗೂ ಇರುವ ನಂಟು.

ನಮ್ಮ ತ್ರೆಸ್ ಆಲಮೊಸ್, ಕ್ಯಾಲಿಫೋರ್ನಿಯಾದ ಕಣಿವೆಯಲ್ಲಿ ಬಾದಾಮಿ ತೋಟದ ಕೂಲಿಗಳ ಊರು. ಬಸ್ಸಿಲ್ಲ. ಆಸ್ಪತ್ರೆಗಾಗಲಿ ಕೋರ್ಟಿಗಾಗಲಿ ನಲವತ್ತು ಮೈಲಿ ದೂರದ ನಗರಕ್ಕೇ ಹೋಗಬೇಕು. ಇಪ್ಪತ್ತೆರಡು ವರ್ಷದಿಂದ ತನ್ನ ವ್ಯಾನಿನಲ್ಲಿ ಎಲ್ಲರನ್ನೂ ಕರೆದುಕೊಂಡು ಹೋಗುತ್ತಿದ್ದವಳು ಹೊವಿತಾ. ಪಕ್ಕದ ಬೀದಿಯ ಅಂಪಾರೊಗೆ ಮೂತ್ರಪಿಂಡ ಕೆಟ್ಟು, ಸೋಮವಾರ, ಬುಧವಾರ, ಶುಕ್ರವಾರ ಡಯಾಲಿಸಿಸ್ ಆಗಲೇಬೇಕು. ಒಂದು ದಿನ ತಪ್ಪಿದರೂ ಮುಖ ಊದಿಕೊಳ್ಳುತ್ತದೆ.

ಈ ವರ್ಷ ಹೊವಿತಾಳ ಕಣ್ಣು ಮಂಜಾಯಿತು. ಪರೀಕ್ಷೆಯಲ್ಲಿ ಗೋಡೆಯ ಮೇಲಿನ ಅಕ್ಷರ ಕಾಣದೆ ಲೈಸೆನ್ಸ್ ಮುಂದುವರಿಯಲಿಲ್ಲ. ಇದ್ದದ್ದು ಮುಗಿಯಲು ಉಳಿದಿದ್ದು ಒಂದು ತಿಂಗಳು. ಆ ಹೊತ್ತಿಗೆ ಶಾಲೆಯಲ್ಲಿ ಸಾರಿಗೆ ಯೋಜನೆಯ ಸಭೆ ಕರೆದರು. ಬಸ್ ಕೇಳೋಣ ಎಂದು ಊರೆಲ್ಲ ಹೋಯಿತು.

ಸಾರಿಗೆ ಕಚೇರಿಯಿಂದ ಬಂದಿದ್ದ ಎಫ್ರೈನ್ ಒಳ್ಳೆಯವನೇ. ಗಾಡಿಗಳ ಹೊಗೆ ಇಂತಿಷ್ಟು ಇಳಿಯಬೇಕೆಂದು ಸರ್ಕಾರ ಗುರಿ ಇಟ್ಟಿದೆಯಂತೆ. ಎಲ್ಲಿ ಬಸ್ ಹಾಕಿದರೆ ಹೆಚ್ಚು ಕಾರುಗಳು ಮನೆಯಲ್ಲೇ ನಿಲ್ಲುತ್ತವೋ ಅಲ್ಲಿಗೆ ಮೊದಲು ಬಸ್ಸಂತೆ.

"ನಿಮ್ಮೂರಲ್ಲಿ ಜನ ಓಡಾಡೋದೇ ಕಮ್ಮಿ ಅಂತಿದೆ, ಸೆನ್ಯೋರಾ," ಎಂದ.

"ಯಾರಪ್ಪಾ ಹಂಗಂದೋರು?" ಗೋಡೆಗೆ ಒರಗಿ ನಿಂತಿದ್ದ ಹೊವಿತಾ ಕೇಳಿದಳು.

"ನೀವುಗಳೇ. ಒಂದು ದಿನ ಎಲ್ಲೆಲ್ಲಿ ಹೋದ್ರಿ ಬರೀರಿ ಅಂತ ಏಪ್ರಿಲ್‌ನಲ್ಲಿ ಆರು ಮನೆಗೆ ಹಾಳೆ ಕಳ್ಸಿದ್ವಿ. ವಾಪಸ್ ಬಂದಿದ್ದು ಮೂರು. ಅದ್ರಲ್ಲೊಂದು, ಎಲ್ಲಿಗೂ ಹೋಗಿಲ್ಲ."

ಹೊವಿತಾ ಗೋಡೆ ಬಿಟ್ಟು ಮುಂದೆ ಬಂದಳು. "ಅದು ನಂದು," ಎಂದಳು.

 ಹಾಳೆ ತುಂಬಿದ ದಿನ ಅವಳು ಎರಡು ಸಲ ನಗರಕ್ಕೆ ಹೋಗಿಬಂದಿದ್ದಳು. ಒಮ್ಮೆ ಅಂಪಾರೊಳ ಜೊತೆ, ಇನ್ನೊಮ್ಮೆ ತೋಟದ ಕೂಲಿ ನಿಕಾನೋರನನ್ನು ಕೋರ್ಟಿಗೆ ಬಿಡಲು. ಸಂಜೆ ಪೆನ್ನು ಹಿಡಿದು, "ನಾನೆಲ್ಲಿಗೆ ಹೋದೆ ಕೊಮಾದ್ರೆ?" ಎಂದು ಕೇಳಿದವಳಿಗೆ, "ನೀನೆಲ್ಲಿ ಹೋದೆ? ಅವರು ಹೋದ್ರು, ನೀನು ಬಿಟ್ಟು ಬಂದೆ," ಎಂದವಳು ನಾನೇ. ಹೌದಲ್ಲ ಎಂದು ಹಾಗೇ ಬರೆದಳು.

ನಿಕಾನೋರ್ ಹಿಂದಿನ ಸಾಲಿನಿಂದ, "ಮನೇಲೇ ಇದ್ಲಂತೆ. ನನ್ನ ಸೊಂಟ ಮುರಿದ ಸೀಟು ಯಾರ ವ್ಯಾನಿಂದು ಹಂಗಾದ್ರೆ?" ಎಂದ. ಜನ ನಕ್ಕರು. ಹೊವಿತಾ ನಗಲಿಲ್ಲ. ಏಪ್ರಿಲ್‌ನ ಆ ವಾರ ಯಾರನ್ನು, ಎಲ್ಲಿಗೆ, ಎಷ್ಟು ಸಲ ಕರೆದೊಯ್ದಳೆಂದು ಹೇಳುತ್ತ ಹೋದಳು. ಎಫ್ರೈನ್ ಮೊದಮೊದಲು ಬರೆದುಕೊಂಡ, ಆಮೇಲೆ ಪೆನ್ನು ಕೆಳಗಿಟ್ಟು ಬರೀ ಕೇಳುತ್ತ ಕೂತ. ಕೊನೆಗೆ ಹೇಳಿದ:

"ನಿಮ್ಮ ಮಾತು ದಾಖಲೆಗೆ ಸೇರಿಸ್ತೀನಿ. ಆದ್ರೆ ಮತ್ತೆ ಹಾಳೆ ತುಂಬೋದು ಇನ್ನು ನಾಲ್ಕು ವರ್ಷ ಆದ್ಮೇಲೇನೇ."

"ಅಂಪಾರೊ ಕಿಡ್ನಿಗೆ ಹೇಳ್ಬಿಡು ಮಗಾ, ನಾಲ್ಕು ವರ್ಷ ತಡ್ಕೋ ಅಂತ." ಆಮೇಲೆ ಕೇಳಿದಳು, "ನಿನ್ನ ಕಾರಲ್ಲಿ ಎಷ್ಟು ಸೀಟು?"

"ಐದು."

"ನಾಳೆ ಆರೂವರೆಗೆ ಬಾ."

ಬಂದ. ಹೊವಿತಾ ಅವನ ಪಕ್ಕದಲ್ಲಿ, ಹಿಂದೆ ಅಂಪಾರೊ ಮತ್ತು ನಾನು. ದಾರಿಯುದ್ದಕ್ಕೂ ಇಲ್ಲದ ಬ್ರೇಕನ್ನು ಹೊವಿತಾ ಬಲಗಾಲಿನಿಂದ ತುಳಿಯುತ್ತಲೇ ಇದ್ದಳು. "ಟೊಮ್ಯಾಟೊ ಲಾರಿ ಹಿಂದೆ ಅಂಟ್ಕೋಬೇಡ. ಅಲ್ಲಿ ಮಂಜು ಕೂತಿರುತ್ತೆ, ನಿಧಾನ."

"ನಿಮಗೆ ಕಣ್ಣು ಕಾಣಲ್ಲ ಅಂದ್ರಲ್ಲ?"

"ದಾರಿ ನೋಡೋಕೆ ಕಣ್ಣ್ಯಾಕೆ?"

ಮಧ್ಯಾಹ್ನ ಮತ್ತಿಬ್ಬರಿಗಾಗಿ ಇನ್ನೊಂದು ಸಲ ಹೋಗಿಬಂದರು. ಕತ್ತಲಾಗುವಷ್ಟರಲ್ಲಿ ನೂರೆಪ್ಪತ್ತು ಮೈಲಿಯಾಗಿತ್ತು. ಎಫ್ರೈನ್ ಒಂದು ಖಾಲಿ ಹಾಳೆಯಲ್ಲಿ ಒಂದೊಂದು ಓಡಾಟವನ್ನೂ ತಾನೇ ತುಂಬಿಸಿ, ಹೊವಿತಾಳ ಹತ್ತಿರ ರುಜು ಹಾಕಿಸಿ, ಸಭೆಯ ದಾಖಲೆಗೆ ಸೇರಿಸಲು ಒಯ್ದ.

ಮೂರು ವಾರಕ್ಕೆ ಕಚೇರಿಯಿಂದ ಕಾಗದ ಬಂತು. ಆರು ತಿಂಗಳು ಪರೀಕ್ಷೆಗೆಂದು, ಕರೆಂಟಿನಲ್ಲಿ ಓಡುವ ಸಣ್ಣ ಬಸ್ಸು. ಸೋಮವಾರ ಮತ್ತು ಬುಧವಾರ. ಊರಿನವರು ಅಷ್ಟಾದರೂ ಆಯಿತಲ್ಲ ಎಂದು ಚಪ್ಪಾಳೆ ತಟ್ಟಿದರು. ಅಂಪಾರೊ ಅತ್ತಳು.

"ಶುಕ್ರವಾರ?" ಎಂದಳು ಹೊವಿತಾ.

ಆ ಶನಿವಾರ ಅವಳ ಲೈಸೆನ್ಸ್ ಮುಗಿಯಿತು. ಭಾನುವಾರ ಚರ್ಚಿನ ಪೂಜೆ ಮುಗಿಸಿ ಬಂದವಳು ಕಾಲ್ನಡಿಗೆಯಲ್ಲಿ ಮನೆಮನೆಗೆ ಹೋಗತೊಡಗಿದಳು. ನಮ್ಮ ಬಾಗಿಲಿಗೂ ಬಂದಳು.

"ನಿನ್ನ ಅಳಿಯ ಶುಕ್ರವಾರ ಎಷ್ಟೊತ್ತಿಗೆ ಏಳ್ತಾನೆ?"

"ಒಳಗೆ ಬಾ, ಕಾಫಿ ಇಡ್ತೀನಿ. ಅವನನ್ನೂ ಕೇಳೋಣ."

"ಕೇಳಿಡು. ತಿಂಗಳಿಗೊಂದು ಶುಕ್ರವಾರ ಅಂಪಾರೊನ ಕರ್ಕೊಂಡು ಹೋಗೋದು ಅವನದು ಅಂತ ಇಟ್ಕೋತೀನಿ. ಇನ್ನೂ ಮೂರು ಜನ ಬೇಕು."

ನಾನು ನೀರಿಟ್ಟು ತಿರುಗುವಷ್ಟರಲ್ಲಿ ಅವಳು ಪಕ್ಕದ ಮನೆಯ ಗೇಟು ತಟ್ಟುತ್ತಿದ್ದಳು.